ಹುದೈಬಿಯಾ ಮತ್ತು ನಮ್ಮೂರ ಥ್ರೋಬಾಲ್ ಕೋರ್ಟು

ಒಪ್ಪಂದಕ್ಕೆ ಸಹಿ ಬಿದ್ದ ಸಂಜೆ ನಮ್ಮ ತಂಡದ ಒಬ್ಬರೂ ನಮ್ಮ ಕ್ಯಾಪ್ಟನ್ ಜೊತೆ ಮಾತಾಡಲಿಲ್ಲ.

ಆಟವೇ ಆಡದೆ ಸೋತು ಬಂದವರು ಇನ್ನೇನು ಮಾತಾಡುತ್ತಾರೆ?

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ ಅದು. ಹೊಳೆನರಸೀಪುರದ ಹೊರಗೆ, ಹೊಳೆಗೆ ಇಳಿಯುವ ರಸ್ತೆಯ ಪಕ್ಕ ಒಂದು ಬಯಲಿದೆ. ಹೆಸರಿಗೆ ಊರಿನದು. ನಡೆಸುವುದು ಒಂದು ಸಮಿತಿ. ಆಡುವುದು ಕ್ರಿಕೆಟ್ ಹುಡುಗರು. ನಾವು ಕೆಲವು ಹೆಂಗಸರು ಸೇರಿ ಒಂದು ಥ್ರೋಬಾಲ್ ತಂಡ ಕಟ್ಟಿಕೊಂಡಿದ್ದೆವು. (ಥ್ರೋಬಾಲ್ ಗೊತ್ತಲ್ಲ? ಸ್ಕೂಲಿನಲ್ಲಿ ಹೆಣ್ಣುಮಕ್ಕಳ ಕೈಗೆ ಕೊಟ್ಟು, ಮದುವೆಯಾದ ಮೇಲೆ ಕಿತ್ತುಕೊಳ್ಳುವ ಆಟ.)

ನಮಗೆ ಬೇಕಾಗಿದ್ದು ಆ ಬಯಲಿನ ಒಂದು ಮೂಲೆ, ಸಂಜೆಯ ಒಂದು ಗಂಟೆ. ಅದು ಸಿಗದಿದ್ದರೆ ತಂಡ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ರಸ್ತೆಯಲ್ಲಿ ಆಡಿದರೆ ಬೈಕಿನವರ ಹಾರ್ನ್. ತಾರಸಿಯ ಮೇಲೆ ಆಡಿದರೆ ಕೆಳಗಿನ ಮನೆಯವರ ಬೈಗುಳ. ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು. ಈ ಆಟಕ್ಕೆ ಒಂದು ಕಡೆಗೆ ಏಳು ಜನ ಬೇಕು. ದಿನವೂ ಯಾರು ಬಂದರು, ಯಾರು ಬರಲಿಲ್ಲ ಎಂದು ಡೈರಿಯಲ್ಲಿ ಬರೆದಿಡುವ ಚಟ ನನಗಿದೆ. ಆ ತಿಂಗಳು ಏಳೂ ಜನ ಬಂದ ದಿನ ಒಂದೂ ಇರಲಿಲ್ಲ.

ಅದಕ್ಕೇ ಅವತ್ತು ಯಾರನ್ನೂ ಕೇಳದೆ ಹೊರಟುಬಿಟ್ಟೆವು. ಒಂದು ನೆಟ್ಟು, ಎರಡು ಬಿದಿರು ಗಳ, ಗೆರೆ ಎಳೆಯಲು ಸುಣ್ಣದ ಪುಡಿ. ಜಗಳದ ಸಾಮಾನು ಏನೂ ಇರಲಿಲ್ಲ. (ಜಯಕ್ಕನ ಬಾಯೊಂದನ್ನು ಬಿಟ್ಟು.)

ಜಯಕ್ಕ ಬಸ್ ಸ್ಟ್ಯಾಂಡಿನ ಪಕ್ಕ ಮೆಸ್ ನಡೆಸುತ್ತಾರೆ. ಮುದ್ದೆ ತಿರುವಿ ತಿರುವಿ ಗಟ್ಟಿಯಾದ ಕೈ. ಅವರು ಎಸೆದ ಬಾಲ್ ಹಿಡಿದರೆ ನಮ್ಮ ಅಂಗೈ ಅರ್ಧ ಗಂಟೆ ಉರಿಯುತ್ತದೆ. ಕ್ಯಾಪ್ಟನ್ ಫರೀದಾ ಮೇಡಂ ಅರಕಲಗೂಡಿನ ಪಿಯು ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಜಯಕ್ಕ ಕೂಗಿದರೆ ಊರಿಗೆ ಕೇಳಿಸುತ್ತದೆ. ಫರೀದಾ ಮೇಡಂ ಮೆಲ್ಲಗೆ ಮಾತಾಡಿದರೂ ಕೊನೇ ಬೆಂಚಿಗೆ ಕೇಳಿಸುತ್ತದೆ.

ಗೇಟಿನಲ್ಲೇ ಸಮಿತಿಯ ಅಧ್ಯಕ್ಷ ರಂಗೇಗೌಡರು ಅಡ್ಡ ನಿಂತರು. ಹಿಂದೆ ಬ್ಯಾಟ್ ಹಿಡಿದ ಹುಡುಗರ ದಂಡು.

"ಏನ್ರಮ್ಮ, ಯಾರ್ನ್ ಕೇಳಿ ಗಳ ಒತ್ಕಂಡ್ ಬಂದ್ರಿ?"

"ಯಾರ್ನ್ ಕೇಳ್ಬೇಕಿತ್ತು? ಇದೇನ್ ನಿಮ್ಮಪ್ಪ ಬರ್ದಿಟ್ಟ ತ್ವಾಟನಾ?" ಅಂದರು ಜಯಕ್ಕ.

ಅಲ್ಲಿಂದ ಮುಂದೆ ಒಂದು ಗಂಟೆ ನಡೆದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಈ ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ. ಕೊನೆಗೆ, ನಮ್ಮ ಸೀಮೆಯ ಎಲ್ಲ ಜಗಳಗಳಲ್ಲೂ ಯಾರಾದರೊಬ್ಬರು ಆಡಲೇಬೇಕಾದ ಮಾತನ್ನು ರಂಗೇಗೌಡರು ಆಡಿದರು: "ಓಗ್ಲಿ, ಒಂದ್ ಕಾಗ್ದ ಆಗ್ಬುಡ್ಲಿ."

ಕಾಗದ ಅಂದರೆ ಮುಚ್ಚಳಿಕೆ. ಇಬ್ಬರೂ ಒಪ್ಪಿ ಬರೆದು ಸಹಿ ಹಾಕುವುದು. ನನ್ನ ಅಕ್ಷರ ಚೆನ್ನಾಗಿದೆಯೆಂದು ಬರೆಯುವ ಕೆಲಸ ನನಗೇ ಬಿತ್ತು. ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಶುರು ಮಾಡಿದೆ: "ಹೊಳೆದಂಡೆ ಮಹಿಳಾ ಥ್ರೋಬಾಲ್ ತಂಡದವರೂ ಬಯಲು ಸಮಿತಿಯವರೂ ಸೇರಿ..."

ರಂಗೇಗೌಡರ ಬೆರಳು ಬಂದು ಮೊದಲ ಸಾಲಿನ ಮೇಲೇ ಕೂತಿತು. "ತಂಡ ಅನ್ನೋದ್ ತಗ್ದಾಕಿ. ನಿಮ್ಮುನ್ನ ತಂಡ ಅಂತ ನಾವ್ ಒಪ್ಕಂಡಿದ್ರೆ ಗೇಟ್ನಾಗೇ ಯಾಕ್ ತಡೀತಿದ್ವಿ? ನಿಮ್ ನಿಮ್ ಎಸ್ರು ಬರೀರಿ. ಕೋಂ ಇಂಥೋರು ಅಂತ."

ಪಹಣಿ, ಕ್ರಯಪತ್ರ ನೋಡಿದವರಿಗೆ ಇದು ಗೊತ್ತು. ನಮ್ಮ ಕಡೆಯ ಕಾಗದಗಳಲ್ಲಿ ಗಂಡಸಾದರೆ 'ಬಿನ್' ಹಾಕಿ ಅಪ್ಪನ ಹೆಸರು. ಮದುವೆಯಾದ ಹೆಂಗಸಾದರೆ 'ಕೋಂ' ಹಾಕಿ ಗಂಡನ ಹೆಸರು. ಅಂದರೆ ಅಲ್ಲಿ ಆಡಲು ಬಂದಿರುವುದು ಒಂದು ತಂಡವಲ್ಲ, ಇಂಥಿಂಥವರ ಹೆಂಡತಿಯರು!

"ನಾನು ಹೊಡೆದುಹಾಕಲ್ಲ" ಅಂದೆ. ಪೆನ್ ಕೆಳಗಿಟ್ಟೆ.

ಫರೀದಾ ಮೇಡಂ ನನ್ನ ಮುಖ ನೋಡಿದರು. ಆಮೇಲೆ ಪೆನ್ ಎತ್ತಿಕೊಂಡು, ಎರಡು ವರ್ಷ ಕಷ್ಟಪಟ್ಟು ಕಟ್ಟಿದ ತಂಡದ ಹೆಸರಿನ ಮೇಲೆ ತಾವೇ ಒಂದು ಗೆರೆ ಎಳೆದರು.

ಷರತ್ತುಗಳು ಅದಕ್ಕಿಂತ ಚಂದ. ಈ ವರ್ಷ ಪೂರ್ತಿ ಬಯಲಿಗೆ ಕಾಲಿಡುವಂತಿಲ್ಲ. ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ವಾರಕ್ಕೆ ಮೂರು ಸಂಜೆ ಆಡಬಹುದು. "ಆಗ್ಲಿ" ಅಂದರು ಮೇಡಂ.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಒಂದು ಹುಡುಗಿ ಓಡಿಬಂದಳು. ಡಿಗ್ರಿ ಓದುವ ಕಾವ್ಯ. ರಂಗೇಗೌಡರ ಸ್ವಂತ ಮಗಳು. ಕಾಲಲ್ಲಿ ಶೂ, ಕೈಯಲ್ಲಿ ಚಪ್ಪಲಿ, ಮುಖದ ತುಂಬ ಬೆವರು.

"ಮೇಡಂ, ನಾನೂ ನಿಮ್ ತಂಡಕ್ಕೆ ಬತ್ತೀನಿ. ನನ್ನೂ ಬರ್ಕೊಳಿ."

ಗೌಡರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಿಂದೆ ಯಾರೋ ಹುಡುಗ ಕಿಸಕ್ಕೆಂದ. ಆ ನಗುವೇ ಮುಂದಿನ ಷರತ್ತನ್ನು ಬರೆಸಿತು: ಸಮಿತಿಯವರ ಮನೆಯ ಹೆಣ್ಣುಮಕ್ಕಳು ಯಾರೇ ಇವರಲ್ಲಿಗೆ ಆಡಲು ಬಂದರೂ ಇವರು ವಾಪಸ್ ಕಳಿಸತಕ್ಕದ್ದು. ಇವರ ಕಡೆಯವರು ಯಾರಾದರೂ ಆಟ ಬಿಟ್ಟು ಹೋದರೆ ಕೇಳತಕ್ಕದ್ದಲ್ಲ.

ಇದೆಂಥ ನ್ಯಾಯ? ನೀವೇ ಹೇಳಿ.

ಮೇಡಂ ಕಾವ್ಯಳ ಹೆಗಲ ಮೇಲೆ ಕೈ ಇಟ್ಟರು. "ಹೋಗಮ್ಮ. ಮಾತು ಕೊಟ್ಟಾಗಿದೆ. ಸ್ವಲ್ಪ ತಾಳ್ಕೋ. ಮನೇಲಿ ಗೋಡೆ ಇದೆಯಲ್ಲ?"

ಆ ಹುಡುಗಿ ಅಳುತ್ತ ಅಪ್ಪನ ಹಿಂದೆ ಹೋದದ್ದನ್ನು ನೋಡಿದಾಗ ನನಗೆ ಮೇಡಂ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಮೇಡಂ ತಮ್ಮ ಕಡೆಯಿಂದ ಒಂದೇ ಒಂದು ಸಾಲು ಸೇರಿಸಿದರು: ನಾವು ಬೇರೆ ಎಲ್ಲಿ ಆಡಿದರೂ ಯಾರೂ ತಂಟೆ ಮಾಡುವಂತಿಲ್ಲ. ಗೌಡರು "ಎಲ್ಲಾರ ಆಡ್ಕಳಿ, ನಮ್ಗೇನು" ಅಂದು ಸಹಿ ಹಾಕಿದರು.

"ನೆಟ್ ಸುತ್ತಿ. ಹೊರಡೋಣ" ಅಂದರು ಮೇಡಂ. ಯಾರೂ ಏಳಲಿಲ್ಲ. ಇನ್ನೊಮ್ಮೆ ಹೇಳಿದರು. ಜಯಕ್ಕ ಮುಖ ಆಚೆ ತಿರುಗಿಸಿದರು. ಆಗ ಮೇಡಂ ಮತ್ತೆ ಬಾಯಿ ತೆರೆಯಲಿಲ್ಲ. ದುಪಟ್ಟಾ ಬಿಗಿದುಕೊಂಡು ಹೋಗಿ ಗಲಾಟೆಯಲ್ಲಿ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿದ್ದ ನೆಟ್ಟನ್ನು ಒಬ್ಬರೇ ಸುತ್ತಲು ನಿಂತರು. ಗಳ ಎತ್ತಿ ಹೆಗಲಿಗಿಟ್ಟುಕೊಂಡರು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂರಲಾಗುತ್ತದೆ? ಮೊದಲು ಜಯಕ್ಕ ಎದ್ದರು. ಆಮೇಲೆ ಎಲ್ಲರೂ.

ಮುಂದಿನ ಭಾನುವಾರ ಬೆಳಿಗ್ಗೆ ಜಯಕ್ಕನ ಮೆಸ್ಸಿನಲ್ಲಿ ನಾವು ಮೂವರೇ ಇದ್ದೆವು. ಜಯಕ್ಕ ಕಾಫಿ ಲೋಟವನ್ನು ಮೇಡಂ ಮುಂದೆ ಕುಕ್ಕಿದರು.

"ಯಾವನಿಗ್ ಎದ್ರಿ ಸೈನ್ ಆಕುದ್ರಿ ಮೇಡಮ್ಮೋರೆ? ನ್ಯಾಯ ನಮ್ದೇ ತಾನೆ? ಮತ್ಯಾಕ್ ತಲೆ ತಗ್ಗುಸ್ಬೇಕಿತ್ತು?"

ಮೇಡಂ ನಕ್ಕರು. "ಇದೇ ಪ್ರಶ್ನೇನ ಹಿಂದೆ ಒಬ್ಬರು ಕೇಳಿದ್ರು ಜಯಕ್ಕ. ಉಮರ್ ಅಂತ. ನಿಮ್ ಥರಾನೇ ಕೋಪಿಷ್ಠರು."

"ಯಾವೂರೋರು?"

"ಮಕ್ಕಾದವರು."

ಹಾಗೆ ಶುರುವಾಯಿತು ಪಾಠ. ಇಸ್ಲಾಮಿನ ಮೊದಲ ದಿನಗಳ ಬಗ್ಗೆ ನನಗೆ ಗೊತ್ತಿದ್ದದ್ದು ಹೈಸ್ಕೂಲಿನ ಒಂದು ಪುಟ. ಇಸವಿಗಳನ್ನು ಮಾತ್ರ ಬಾಯಿಪಾಠ ಮಾಡಿದ್ದೆ. 622ರಲ್ಲಿ ಪ್ರವಾದಿ ಮುಹಮ್ಮದರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದದ್ದು, ಅಂದರೆ ಹಿಜ್ರಾ. 624ರಲ್ಲಿ ಬದ್ರ್. ಮಾರನೇ ವರ್ಷ ಉಹುದ್. 627ರಲ್ಲಿ ಕಂದಕದ ಯುದ್ಧ. ಬದ್ರ್‌ನಲ್ಲಿ ಗೆಲುವು, ಉಹುದ್‌ನಲ್ಲಿ ಪೆಟ್ಟು, ಕಂದಕ ತೋಡಿ ಊರು ಉಳಿಸಿಕೊಂಡದ್ದು. ಅದರ ಮರುವರ್ಷ ಏನಾಯಿತು? ಆ ಪುಟದಲ್ಲಿ ಇರಲಿಲ್ಲ. ಇದ್ದರೂ ಪರೀಕ್ಷೆಗೆ ಬರಲ್ಲ ಎಂದು ಬಿಟ್ಟಿದ್ದೆನೋ ಏನೋ.

628ರಲ್ಲಿ ಪ್ರವಾದಿಯವರು ಸಾವಿರದ ನಾನೂರರಷ್ಟು ಜನರೊಂದಿಗೆ ಮಕ್ಕಾ ಕಡೆ ಹೊರಟರು. ಯುದ್ಧಕ್ಕಲ್ಲ, ಯಾತ್ರೆಗೆ. ಯಾತ್ರಿಕರ ಬಟ್ಟೆ, ಬಲಿಗೆಂದು ಒಂಟೆಗಳು, ಒರೆಯಲ್ಲಿ ಉಳಿದ ಕತ್ತಿ. ಮಕ್ಕಾ ಆಳುತ್ತಿದ್ದ, ಆ ಯುದ್ಧಗಳಲ್ಲೆಲ್ಲ ಎದುರು ನಿಂತಿದ್ದ ಕುರೈಶ ಕುಲದವರು ಊರ ಹೊರಗೆ ತಡೆದರು. ಆ ಜಾಗದ ಹೆಸರು ಹುದೈಬಿಯಾ. ಮಾತುಕತೆಯಾಗಿ ಕಾಗದ ಬರೆಯುವುದೆಂದಾಯಿತು. ಬರೆಯಲು ಕೂತವರು ಪ್ರವಾದಿಯವರ ಅಳಿಯ ಅಲಿ. 'ಅಲ್ಲಾಹನ ಸಂದೇಶವಾಹಕ ಮುಹಮ್ಮದ್' ಎಂದು ಬರೆದರು. ಕುರೈಶರ ಪರವಾಗಿ ಬಂದ ಸುಹೈಲ್ ತಡೆದ. ನಿಮ್ಮನ್ನು ಸಂದೇಶವಾಹಕ ಅಂತ ಒಪ್ಪಿಕೊಂಡಿದ್ದರೆ ನಾವು ತಡೆಯುತ್ತಲೇ ಇರಲಿಲ್ಲ, ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರು ಬರೆಸಿ ಅಂದ.

ನಾನು ಕಾಫಿ ಲೋಟ ಕೆಳಗಿಟ್ಟೆ.

"ಅಲಿಯವರು ಅಳಿಸಲ್ಲ ಅಂದ್ರು ಸುಧಾ. ನಿನ್ ಥರಾನೇ" ಅಂದರು ಮೇಡಂ. "ಆ ಪದ ಎಲ್ಲಿದೆ ತೋರಿಸಿ ಅಂತ ಕೇಳಿ ಪ್ರವಾದಿಯವರೇ ಅಳಿಸಿದ್ರು. ಮುಹಮ್ಮದ್ ಬಿನ್ ಅಬ್ದುಲ್ಲಾ ಅಂತ ಬರೆಸಿದ್ರು."

"ಬಿನ್ನಾ? ನಮ್ ಪಾಣಿನಾಗ್ ಬರ್ತದಲ್ಲ ಅದೇಯಾ?" ಜಯಕ್ಕನ ಕಣ್ಣು ಅಗಲವಾಯಿತು.

"ಅದೇ ಬಿನ್ನು. ಅರಬ್ಬಿ ಪದ. ರಂಗೇಗೌಡ ಬಿನ್ ಬೋರೇಗೌಡ ಅಂತ ಮೊನ್ನೆ ಸೈನ್ ಹಾಕಿದ್ರಲ್ಲ, ಅದೇ."

(ಊರಿನಲ್ಲಿ ಯಾರು ಯಾರಿಂದ ಏನೇನು ತೆಗೆದುಕೊಂಡಿದ್ದಾರೆ ಎಂದು ಲೆಕ್ಕ ಹಾಕಲು ಕೂತರೆ ಪಹಣಿಯಿಂದಲೇ ಶುರು ಮಾಡಬೇಕಾದೀತು.)

ಷರತ್ತು ಕೇಳಿ. ಈ ವರ್ಷ ವಾಪಸ್ ಹೋಗಬೇಕು. ಮುಂದಿನ ವರ್ಷ ಬಂದು ಮೂರು ದಿನ ಇರಬಹುದು. ಹತ್ತು ವರ್ಷ ಯುದ್ಧವಿಲ್ಲ. ಮಕ್ಕಾದಿಂದ ಓಡಿಬಂದವರನ್ನು ಇವರು ವಾಪಸ್ ಕಳಿಸಬೇಕು, ಇವರಿಂದ ಅತ್ತ ಹೋದವರನ್ನು ಅವರು ಕಳಿಸಬೇಕಾಗಿಲ್ಲ. ಆಗಲೇ ಸುಹೈಲನ ಸ್ವಂತ ಮಗ, ಇಸ್ಲಾಂ ಸೇರಿದ್ದಕ್ಕೆ ಮಕ್ಕಾದಲ್ಲಿ ಕೂಡಿಹಾಕಿದ್ದ ಅಬೂ ಜಂದಲ್, ಸಂಕೋಲೆ ಎಳೆದುಕೊಂಡು ಇವರ ನಡುವೆ ಬಂದು ಬಿದ್ದ. ಮಾತು ಕೊಟ್ಟಾಗಿತ್ತು. ತಾಳ್ಮೆ ತಂದುಕೋ, ನಿನಗೆ ದಾರಿ ಸಿಗುತ್ತದೆ ಎಂದು ಹೇಳಿ ಪ್ರವಾದಿಯವರು ವಾಪಸ್ ಕಳಿಸಿದರು. ನ್ಯಾಯ ನಮ್ಮದೇ ತಾನೆ ಎಂದು ಉಮರ್ ಅವರನ್ನೇ ಕೇಳಿದ್ದು ಆಗ.

ಎಲ್ಲ ಮುಗಿದ ಮೇಲೆ, ಏಳಿ, ಯಾತ್ರೆ ಮುಗಿಸುವ ವಿಧಿಯಂತೆ ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದರೆ ಒಬ್ಬರೂ ಏಳಲಿಲ್ಲವಂತೆ. ಅಷ್ಟು ದುಃಖ. ಪ್ರವಾದಿಯವರು ಬಿಡಾರದೊಳಗೆ ಹೋಗಿ ಪತ್ನಿ ಉಮ್ಮು ಸಲಮಾರಿಗೆ ಹೇಳಿಕೊಂಡರು. ಆಕೆ ಹೇಳಿದ್ದು ಇಷ್ಟೇ: ಯಾರೊಂದಿಗೂ ಮಾತಾಡಬೇಡಿ, ಹೊರಗೆ ಹೋಗಿ ನೀವೇ ಮೊದಲು ಮಾಡಿ. ಅವರು ಹಾಗೇ ಮಾಡಿದರು. ಎಲ್ಲರೂ ಎದ್ದರು.

ಜಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಅಂಗಾರೆ ನೆಟ್ ಸುತ್ತಿದ್ದು ಆಟ ಕಣ್ರೀ ನಿಮ್ದು!" ಅಂತ ರೇಗಿದರು.

"ಆಟ ಅಲ್ಲ ಜಯಕ್ಕ. ನಂಗೂ ಕೋಪ ಬಂದಿತ್ತು. ಏನ್ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಪ್ರತಿ ವರ್ಷ ಮಾಡೋ ಪಾಠ, ಅದೊಂದೇ ನೆನಪಿಗೆ ಬಂತು." ಮೇಡಂ ಗಲ್ಲ ಮುಟ್ಟಿಕೊಂಡರು. "ತೌಬಾ, ಹೋಲಿಸ್ತಿಲ್ಲ. ನಮ್ದು ಒಂದು ಮೂಲೆ ಕೋರ್ಟು. ಪಾಠ ಇರೋದು ಕಲಿಯೋಕೆ ತಾನೆ?"

"ಏನು ಕಲಿತಂಗಾಯ್ತು? ನಾವು ಸೋತ್ವಲ್ಲ" ಅಂದೆ ನಾನು.

ಮೇಡಂ ನನ್ನ ಕಡೆ ತಿರುಗಿದರು. "ನಾವು ತಂಡಾನೇ ಅಲ್ಲ ಅಂದ್ರಲ್ಲ ಸುಧಾ, ಸರಿ. ಇಲ್ಲದವರ ಜೊತೆ ಯಾರಾದ್ರೂ ಕೂತು ಒಪ್ಪಂದ ಬರೀತಾರಾ?"

ಆ ಮಾತು ಇಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಆಮೇಲೆ ನಡೆದದ್ದನ್ನು ಕಣ್ಣಾರೆ ಕಂಡ ಮೇಲೇ ಅದು ಇಳಿದದ್ದು. ಮೊದಲು ಥ್ರೋಬಾಲ್ ಅಂದರೆ ಮನೆಮನೆಯಲ್ಲಿ "ಅಲ್ಲೇನೋ ಗಲಾಟೆಯಂತೆ, ಹೋಗ್ಬೇಡ" ಅನ್ನುತ್ತಿದ್ದರು. ಈಗ ಅತ್ತೆಯಂದಿರೇ, "ಕಾಗ್ದ ಆಗದಂತಲ್ಲ, ಓಗು" ಅನ್ನತೊಡಗಿದರು. ನಮ್ಮ ಸೀಮೆಯಲ್ಲಿ ಕಾಗದ ಆದದ್ದು ನಿಜ. ಆಗದ್ದು ಸುಳ್ಳು. ತಂಟೆ ಮಾಡುವಂತಿಲ್ಲ ಎಂಬ ಆ ಒಂದು ಸಾಲಿನ ಬೆಲೆ ಆಗ ತಿಳಿಯಿತು. ನಾವು ಎಲ್ಲಿ ಬೇಕಾದರೂ ಆಡಬಹುದಿತ್ತು. ಆಡಿದೆವು.

ಅರಕಲಗೂಡಿನಲ್ಲಿ ಮೇಡಂ ಪರಿಚಯದ ಲೆಕ್ಚರರುಗಳ ಜೊತೆ ಆಡಿದೆವು. ಸಾಲಗಾಮೆಯಲ್ಲಿ ಸ್ವಸಹಾಯ ಸಂಘದ ಹೆಂಗಸರು ರಾಗಿ ಬಡಿದು ಗುಡಿಸಿದ ಕಣವನ್ನೇ ಕೋರ್ಟು ಮಾಡಿಕೊಟ್ಟರು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯ ಹಿಂದಿನ ಅಂಗಳ. ಎರಡೂ ಬದಿಗೆ ಕಾಯಿ ರಾಶಿಯೇ ಗೆರೆ. ಜಯಕ್ಕನ ಒಂದು ಸರ್ವಿಸ್ ರಾಶಿಯೊಳಗೆ ಹೊಕ್ಕು, ಬಾಲ್ ಹುಡುಕಲು ಅರ್ಧ ರಾಶಿ ಇಳಿಸಬೇಕಾಯಿತು. ಮಂಡಿಯವರು, "ಅಕ್ಕಾ, ಲೋಡ್ ಮಾಡೋ ದಿನ ಬಂದು ಇಂಗೇ ಒಡೀರಿ, ಕೂಲಿ ಕೊಡ್ತೀವಿ" ಅಂದರು. ಹೋದಲ್ಲೆಲ್ಲ ಜನ ಸೇರಿದರು. ಸೋತ ತಂಡದವರು ಮುಂದಿನ ವಾರ ನಮ್ಮ ಊರಿಗೆ ಬಂದು ನಮ್ಮವರಾದರು. ದೀಪಾವಳಿ ಹೊತ್ತಿಗೆ ನನ್ನ ಹಾಜರಿ ಒಂದು ಪುಟಕ್ಕೆ ಸಾಲದೆ ಪಕ್ಕದ ಪುಟಕ್ಕೆ ಹೋಗಿತ್ತು.

ಹುದೈಬಿಯಾದ ಮೇಲೂ ಹೀಗೇ ಆಯಿತಂತೆ. ಕತ್ತಿ ಒರೆಗೆ ಹೋದ ಮೇಲೆ ಜನ ಪರಸ್ಪರ ಭಯವಿಲ್ಲದೆ ಮಾತಾಡಿದರು. ಅಷ್ಟು ವರ್ಷಗಳಲ್ಲಿ ಬಾರದಷ್ಟು ಜನ ಆ ಎರಡೇ ವರ್ಷದಲ್ಲಿ ಬಂದು ಸೇರಿದರು. ಸೋಲಿನ ಕಾಗದ ಅಂದುಕೊಂಡದ್ದು ನೋಡನೋಡುತ್ತ ಗೆಲುವಿನ ಕಾಗದವಾಯಿತು.

ಕಾವ್ಯಳ ಕಥೆ ಹೇಳಬೇಕು.

ಆಕೆ ಬಂದರೆ ನಾವು ವಾಪಸ್ ಕಳಿಸಬೇಕಿತ್ತಲ್ಲ? ಎರಡು ಸಲ ಬಂದಳು. ಎರಡು ಸಲವೂ ಮೇಡಂ ಕಳಿಸಿದರು. ಮೂರನೇ ಸಲ ಆಕೆ ಬರಲಿಲ್ಲ. ಮನೆಯ ಕಾಂಪೌಂಡ್ ಗೋಡೆಗೆ ಬಾಲ್ ಹೊಡೆಯಲು ಶುರು ಮಾಡಿದಳು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ. ಸಂಜೆ ಗೌಡರ ಮನೆಗೆ ಜನ ಬರುವ ಹೊತ್ತಿಗೆ. ಸದ್ದು ಕೇಳಿ ಅಕ್ಕಪಕ್ಕದ ಹುಡುಗಿಯರು ಬಂದರು. ಆ ಬೀದಿಯಲ್ಲಿ ಬಹುಪಾಲು ಸಮಿತಿಯವರ ಮನೆಗಳೇ. ಷರತ್ತಿನ ಪ್ರಕಾರ ಅವರು ಯಾರೂ ನಮ್ಮಲ್ಲಿಗೆ ಬರುವಂತಿಲ್ಲ. ಎಲ್ಲರೂ ಗೌಡರ ಅಂಗಳದಲ್ಲೇ!

ಗಣಪತಿ ಹಬ್ಬದ ಮುಂಚಿನ ಒಂದು ಭಾನುವಾರ ಜಯಕ್ಕನ ಮೆಸ್ಸಿಗೆ ರಂಗೇಗೌಡರು ಬಂದರು. ಒಬ್ಬರೇ. ಮೇಡಂ ಎದುರಿನ ಕುರ್ಚಿಯಲ್ಲಿ ಕೂತರು.

"ಮೇಡಮ್ಮೋರೆ, ಆ ಕಾಗ್ದ ತಂದಿದೀನಿ."

"ಏನಾಯ್ತು ಗೌಡ್ರೆ?"

"ಏನಾಗೋದು! ಅಸ ಬೆದ್ರಿ ಆಲ್ ಇಳುಸ್ತಿಲ್ಲ. ಮೊನ್ನೆ ಮೀಟಿಂಗ್ ನಡೀತಿತ್ತು, ಬಾಲ್ ಬಂದು ಉಪ್ಪಿಟ್ ತಟ್ಟೆ ಮ್ಯಾಲ್ ಬಿತ್ತು. ನಮ್ ಖಜಾಂಚಿ ಮುಖದ್ ತುಂಬ ಉಪ್ಪಿಟ್ಟು ಕಣಮ್ಮ. ಮಗಳ್ನ ಬೈದ್ರೆ, ಅವ್ರ್ ತಾವ್ ಆಡಕ್ ಓಗಂಗಿಲ್ಲ ಅಂತ ನೀನೇ ತಾನೆ ಬರ್ಸಿದ್ದು ಅಂತಾಳೆ."

ಜಯಕ್ಕ ಒಲೆಯ ಕಡೆ ತಿರುಗಿ ನಿಂತರು. ಬೆನ್ನು ಕುಣಿಯುತ್ತಿತ್ತು.

"ಈಗ ಏನ್ಮಾಡೋಣ?" ಮೇಡಂ ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಆ ಒಂದ್ ಷರತ್ ಒಡ್ದಾಕ್ಬುಡಿ. ನಿಮ್ಗ್ ಪುಣ್ಯ ಬತ್ತದೆ. ಅವುಗಳ್ನೆಲ್ಲ ನಿಮ್ ಜೊತೇಲೇ ಕರ್ಕೊಂಡ್ಬುಡಿ."

ಮೇಡಂ ನನ್ನ ಕೈಗೆ ಪೆನ್ ಕೊಟ್ಟರು. ಆ ಸಾಲಿನ ಮೇಲೆ ಗೆರೆ ಎಳೆದಷ್ಟು ಸುಖವಾಗಿ ನಾನು ಈ ಜನ್ಮದಲ್ಲಿ ಯಾವ ಗೆರೆಯನ್ನೂ ಎಳೆದಿಲ್ಲ. ಗೌಡರು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಕಾಫಿಯನ್ನೂ ಕುಡಿಯದೆ ಹೋದರು.

ಅವರು ತಿರುವು ದಾಟಿದ ಮೇಲೆ ಮೇಡಂ ಟೇಬಲ್ ತಟ್ಟಿ ತಟ್ಟಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಕಾರಣ ಹೇಳಿದರು. ಹುದೈಬಿಯಾದ ಮೇಲೆ ಅಬೂ ಬಸೀರ್ ಎಂಬವನು ಮಕ್ಕಾದಿಂದ ತಪ್ಪಿಸಿಕೊಂಡು ಬಂದನಂತೆ. ಅವನನ್ನೂ ವಾಪಸ್ ಕಳಿಸಬೇಕಾಯಿತು. ಆದರೆ ಅವನು ದಾರಿಯಲ್ಲೇ ತಪ್ಪಿಸಿಕೊಂಡ. ಮದೀನಾದಲ್ಲಿ ಇರುವ ಹಾಗಿಲ್ಲ, ಮಕ್ಕಾಕ್ಕೆ ಹೋಗುವ ಮನಸ್ಸಿಲ್ಲ. ಸಮುದ್ರದ ಕಡೆಯ ವ್ಯಾಪಾರದ ದಾರಿಯಲ್ಲಿ ಬಿಡಾರ ಹೂಡಿದ. ಅಬೂ ಜಂದಲನೂ ಹೋಗಿ ಸೇರಿಕೊಂಡ. ಅವನಂಥವರು ಒಬ್ಬೊಬ್ಬರೇ ಬಂದರು. ಕುರೈಶರ ವ್ಯಾಪಾರದ ಸಾಲುಗಳಿಗೆ ನೆಮ್ಮದಿ ಇಲ್ಲದಾಯಿತು. ಕೊನೆಗೆ ಕುರೈಶರೇ ಹೇಳಿ ಕಳಿಸಿದರು: ದಯವಿಟ್ಟು ಅವರನ್ನು ನೀವೇ ಇಟ್ಟುಕೊಳ್ಳಿ.

"ಇದ್ ಮೊದ್ಲೇ ಗೊತ್ತಿತ್ತಾ ನಿಮ್ಗೆ? ಅದ್ಕೇ ಆ ಮಗೀಗ್ ಗೋಡೆ ಅಂದ್ರಾ?" ಜಯಕ್ಕ ಸೊಂಟಕ್ಕೆ ಕೈ ಇಟ್ಟು ಕೇಳಿದರು.

"ಗೌಡ್ರ ಹಸು ವಿಷಯ ಗೊತ್ತಿರ್ಲಿಲ್ಲ" ಅಂದರು ಮೇಡಂ.

ಈ ವರ್ಷ ಸಂಕ್ರಾಂತಿ ಕಳೆಯಿತು. ಕೊಟ್ಟ ಮಾತಿನ ಹಾಗೆ ಗೇಟು ತೆರೆಯಿತು. ಸೋಮವಾರ, ಬುಧವಾರ, ಶುಕ್ರವಾರ. ಮೊದಲ ಸಂಜೆ ನಾವು ಕೋರ್ಟಿನಲ್ಲಿ, ಕ್ರಿಕೆಟ್ ಹುಡುಗರು ಮೆಟ್ಟಿಲ ಮೇಲೆ. ನೋಡುತ್ತ ಕೂತರು. ಕಾವ್ಯಳ ಮೊದಲ ಸರ್ವಿಸ್ ನೆಟ್ಟಿನ ಅಂಚು ಸವರಿಕೊಂಡು ಆಚೆ ಬಿದ್ದಾಗ, ಅವರಲ್ಲೊಬ್ಬ ತನಗೆ ತಿಳಿಯದೆಯೇ ಚಪ್ಪಾಳೆ ಹೊಡೆದ. ಪಕ್ಕದವನು ಅವನ ಕೈ ಹಿಡಿದ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

ಮೊನ್ನೆ ಬುಧವಾರ ಹೋಗುವಷ್ಟರಲ್ಲಿ ನಮ್ಮ ಕೋರ್ಟಿನ ಗೆರೆಗಳನ್ನು ಕಾಲಿನಿಂದ ಒರೆಸಿ ಹುಡುಗರು ಸ್ಟಂಪ್ ನೆಟ್ಟಿದ್ದರು. "ಇವತ್ತು ನಮ್ದು ಮ್ಯಾಚ್ ಅದೆ ಅಕ್ಕ, ನಾಳಿಕ್ ಬನ್ನಿ" ಅಂದ ಒಬ್ಬ. ಒಪ್ಪಂದ ಮುರಿಯಿತು. ಮುರಿದವರು ನಾವಲ್ಲ.

ಯಾರು ಹೇಳಿದರೋ ತಿಳಿಯದು, ಹತ್ತೇ ನಿಮಿಷದಲ್ಲಿ ರಂಗೇಗೌಡರ ಬೈಕು ಬಂತು. ಇಳಿದವರೇ ಸ್ಟಂಪ್ ಕಿತ್ತು ಎಸೆದರು.

"ಯಾವನ್ಲಾ ಗೆರೆ ಒರ್ಸಿದ್ದು? ನಾನ್ ಸೈನ್ ಆಕಿರೋ ಕಾಗ್ದ ಕಣ್ಲಾ ಅದು! ನನ್ ಮಾತಿಗ್ ಬೆಲೆ ಬ್ಯಾಡ್ವಾ? ನಡೀರಿ ಆಚೆಗೆ, ಒಬ್ಬನೂ ಇರ್ಕೂಡ್ದು!"

ಹುಡುಗರೆಲ್ಲ ಗೇಟಿನ ಹೊರಗಾದರು. ಗೌಡರು ಬೀಗ ಜಡಿದರು. ಬೀಗದ ಕೈಯನ್ನು ಫರೀದಾ ಮೇಡಂ ಅಂಗೈಯಲ್ಲಿ ಇಟ್ಟರು. "ಇನ್ಮ್ಯಾಲೆ ಇದು ನಿಮ್ ತಾವೇ ಇರ್ಲಿ. ಯಾರ್ನ್ ಬುಡ್ಬೇಕು, ಯಾರ್ನ್ ಬುಡ್ಬಾರ್ದು, ನಿಮ್ಮಿಷ್ಟ."

ಒಂದು ಮೂಲೆ ಕೇಳಿದವರಿಗೆ ಇಡೀ ಬಯಲು! ನಮ್ಮವರು ಹಾಕಿದ ಕೇಕೆ ಹೊಳೆಯ ಆಚೆ ದಡಕ್ಕೆ ಕೇಳಿರಬೇಕು. ಕಾವ್ಯ ಅಪ್ಪನನ್ನು ತಬ್ಬಿಕೊಂಡಳು. ಸಾಲಗಾಮೆಯಿಂದ ಬಂದವರು ಅಲ್ಲೇ ಕೈ ಕೈ ಹಿಡಿದು ಗಿರಗಿರ ಸುತ್ತಿ ಫುಗಡಿ ಹಾಕಿದರು. ಜಯಕ್ಕನಿಗಂತೂ ಸ್ವರ್ಗವೇ ಸಿಕ್ಕಿತ್ತು. ಗೇಟಿನ ಸರಳು ಹಿಡಿದು ಹೊರಗೆ ನಿಂತ ಹುಡುಗರ ಮುಂದೆ ಹೋಗಿ ನಿಂತರು.

"ಬರ್ರಪ್ಪ ಈಗ! ಸುಧಾ, ಪೆನ್ ತಗಿ. ಬರ್ಕೋ. ಈ ವರ್ಷ ಪೂರ್ತಿ ಒಳೀಕ್ ಬರಂಗಿಲ್ಲ. ಬರೋ ವರ್ಷ ಮೂರ್ ದಿನ. ಅದೂ ಅವ್ರವ್ರ ಎಂಡ್ತೀರ ಎಸ್ರು ಬರ್ಸಿ!"

ನಾನು ಪೆನ್ ತೆಗೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಮೇಡಂ ಗೇಟಿನ ಹತ್ತಿರ ಬಂದರು. ಹುಡುಗರು ತಲೆ ತಗ್ಗಿಸಿದರು. ಅವರಲ್ಲಿ ಇಬ್ಬರು ಮೂವರು ಮೇಡಂ ಸ್ಟೂಡೆಂಟ್ಸೇ. 630ರಲ್ಲಿ ಏನಾಯಿತು ಎಂದು ಆ ತನಕ ಮೇಡಂ ನಮಗೆ ಹೇಳಿರಲಿಲ್ಲ. ಆಮೇಲೆ ನಾನೇ ಓದಿಕೊಂಡೆ. ಕುರೈಶರ ಕಡೆಯವರು ಒಪ್ಪಂದ ಮುರಿದರು. ಪ್ರವಾದಿಯವರು ಹತ್ತು ಸಾವಿರ ಜನರೊಂದಿಗೆ, ಹೆಚ್ಚುಕಡಿಮೆ ರಕ್ತವೇ ಹರಿಯದಂತೆ, ತಾವು ಹಿಂದೆ ಬಿಟ್ಟು ಹೋಗಬೇಕಾಗಿ ಬಂದಿದ್ದ ಮಕ್ಕಾವನ್ನು ಹೊಕ್ಕರು. ಕಲ್ಲು ಹೊಡೆದವರು, ಬಹಿಷ್ಕಾರ ಹಾಕಿದವರು, ದಾರಿ ತಡೆದವರು ಎಲ್ಲ ಎದುರಿಗೆ ಸಾಲಾಗಿ ನಿಂತಿದ್ದರು, ಈಗ ಏನು ಶಿಕ್ಷೆಯೋ ಎಂದು. ಕೆಲವೇ ಕೆಲವರನ್ನು ಬಿಟ್ಟು ಅಷ್ಟೂ ಜನರಿಗೆ ಕ್ಷಮೆ ಸಿಕ್ಕಿತು. ಹುದೈಬಿಯಾದಲ್ಲಿ ಆ ಪದ ಅಳಿಸುವಂತೆ ಮಾಡಿದ ಸುಹೈಲನಿಗೂ ಸಿಕ್ಕಿತು.

ಇದ್ಯಾವುದೂ ಅವತ್ತು ಗೇಟಿನ ಬಳಿ ನನಗೆ ಗೊತ್ತಿರಲಿಲ್ಲ. ನಾನು ಕಂಡದ್ದು ಇಷ್ಟೇ. ಮೇಡಂ ಬೀಗದ ಕೈ ಹಾಕಿ ತಿರುಗಿಸಿದರು.

"ಬನ್ನಿ ಒಳಗೆ. ಆ ಕಡೆ ಪಿಚ್ ನಿಮ್ದು, ಈ ಕಡೆ ಕೋರ್ಟ್ ನಮ್ದು. ಬಾಲ್ ಇತ್ತ ಬಂದ್ರೆ ವಾಪಸ್ ಎಸೀತೀವಿ."

ಹುಡುಗರು ನಂಬಲಿಲ್ಲ. ಮೊದಲು ಗೆರೆ ಒರೆಸಿದವನೇ ಕೇಳಿದ: "ಮೇಡಂ, ಕಾಗ್ದ ಬರೀಬೇಕಾ?"

"ಬೇಡಪ್ಪ. ಹೋಗಿ ಆಡ್ಕೊಳ್ಳಿ."

ಜಯಕ್ಕ ಗೊಣಗುತ್ತಲೇ ಸುಣ್ಣದ ಪುಡಿಯ ಚೀಲವನ್ನು ಅವನ ಕೈಗೆ ತುರುಕಿದರು. "ಮೊದ್ಲು ಒರ್ಸಿದ್ ಗೆರೆ ಎಳ್ಕೊಡ್ ಓಗ್ಲಾ!" ಅವನು ಬಗ್ಗಿ ಗೆರೆ ಎಳೆದ. ಸ್ವಲ್ಪ ಸೊಟ್ಟಗಿತ್ತು. ಆದರೂ ಅವತ್ತು ನಾವು ಆಡಿದ ಆಟ ಇದೆಯಲ್ಲ, ಅಂಥದ್ದನ್ನು ಹಿಂದೆಂದೂ ಆಡಿರಲಿಲ್ಲ. ಆ ಬಯಲಿನಲ್ಲಿ ಅಷ್ಟು ಜನ ಒಟ್ಟಿಗೆ ಇದ್ದದ್ದನ್ನು ನಾನು ಕಂಡದ್ದೂ ಅದೇ ಮೊದಲು.

ಗೆಲ್ಲುವುದು ಹೇಗೆಂದು ಹೇಳಿಕೊಡುವ ಕೋಚ್‌ಗಳು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಗೆದ್ದ ಸಂಜೆ ಗೇಟು ತೆರೆಯುವುದು ಹೇಗೆಂದು ನಿಮಗೆ ಯಾರು ಹೇಳಿಕೊಟ್ಟರು?